ಮೂರೇ ದಿನಕ್ಕೆ ಒಡೆದ ದ್ರವ ಸೋಪು: ಮಂಡ್ಯದ ಒಂದು ಮನೆಯ ಪ್ರಕರಣ

ಮಂಡ್ಯ ನಗರದ ಒಂದು ಮನೆ. ಗಾಣದ ಕೊಬ್ಬರಿ ಎಣ್ಣೆ ಸುಲಭವಾಗಿ ಸಿಗುತ್ತದೆ, ಅಂಗಡಿಯ ಹ್ಯಾಂಡ್‌ವಾಶ್ ಯಾಕೆ ಎಂದು ಮನೆಯ ಸೊಸೆ ದ್ರವ ಸೋಪು ಮಾಡಿದರು. ಎಣ್ಣೆಯನ್ನು ಸೋಪಾಗಿಸುವ ಕ್ಷಾರ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿ ಬೇಯಿಸಿದ ಪೇಸ್ಟ್ ಚೆನ್ನಾಗಿಯೇ ಬಂತು. ಅದರಲ್ಲಿ ಅರ್ಧವನ್ನು ನೀರಿನಲ್ಲಿ ಕರಗಿಸಿ, ಬಿಸಿ ಇರುವಾಗಲೇ ಮೂರು ಬಗೆಯ ಸುಗಂಧ ತೈಲ ಸುರಿದು, ಐದು ಬಾಟಲಿಗೆ ತುಂಬಿಟ್ಟರು. ಮೊದಲ ದಿನ ಮನೆಯೆಲ್ಲ ಘಮಘಮ. ಮೂರನೆಯ ದಿನ ಬೆಳಿಗ್ಗೆ ಬಾಟಲಿ ನೋಡಿದ ಅತ್ತೆಯ ಮಾತು: "ಏನವ್ವ ಇದು, ಒಡ್ದ್ ಹಾಲಾಗೋಯ್ತಲ್ಲ. ಮ್ಯಾಲೆಲ್ಲ ಎಣ್ಣೆ ನಿಂತದೆ."

ಬಾಟಲಿಯಲ್ಲಿ ಕಂಡದ್ದು ಹೀಗೆ. ಮೇಲೆ ನಾಲ್ಕೈದು ಮಿಲಿಮೀಟರ್ ದಪ್ಪದ ಹಳದಿ ಪದರ. ಅದರ ಕೆಳಗೆ ಹಾಲು ಹಾಕಿದ ಚಹಾದ ಬಣ್ಣದ, ನೀರಿನಷ್ಟೇ ತೆಳುವಾದ ದ್ರಾವಣ. ಅದರೊಳಗೆ ಅಲ್ಲಲ್ಲಿ ಬಿಳಿ ಚೂರು. ವಾಸನೆಯೂ ಬದಲಾಗಿತ್ತು: ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಹಸಿ ಘಮ ಹಿಂದೆ ಸರಿದು, ಹಲ್ಲುನೋವಿನ ಔಷಧಿಯಂಥ ಲವಂಗವೊಂದೇ ಮೂಗಿಗೆ ಬಡಿಯುತ್ತಿತ್ತು. ಎರಡು ದಿನ ಅದರಲ್ಲಿ ಕೈ ತೊಳೆದ ಮಗುವಿನ ಬೆರಳ ಸಂದಿ ಕೆಂಪಾಗಿತ್ತು.

ತೈಲ ಕಲಬೆರಕೆಯದು ಎಂಬುದು ಮನೆಯವರ ಅನುಮಾನ. ಇಂಥ ಪ್ರಕರಣಗಳಲ್ಲಿ ಎಲ್ಲರೂ ಮೊದಲು ಬೆರಳು ತೋರಿಸುವುದು ತೈಲದ ಕಡೆಗೇ. ಆದರೆ ಇಲ್ಲಿ ತೈಲ ಬೀಳುವ ಮೊದಲೇ ಸೋಪು ಎರಡು ಕಡೆ ಸೋತಿತ್ತು.

ಹಾಕಿದ್ದೇನು, ಎಷ್ಟು

ಕೊಬ್ಬರಿ ಎಣ್ಣೆ 600 ಗ್ರಾಂ, ಸೂರ್ಯಕಾಂತಿ ಎಣ್ಣೆ 250 ಗ್ರಾಂ, ಹರಳೆಣ್ಣೆ 150 ಗ್ರಾಂ. ಒಟ್ಟು ಒಂದು ಕೆಜಿ. ಪೊಟ್ಯಾಶಿಯಂ ಹೈಡ್ರಾಕ್ಸೈಡ್ 241 ಗ್ರಾಂ. ಅದನ್ನು ಕರಗಿಸಲು ಮೂರು ಪಾಲು, ಅಂದರೆ 724 ಗ್ರಾಂ ನೀರು. ಪೇಸ್ಟ್ ಒಟ್ಟು 1,965 ಗ್ರಾಂ ಆಯಿತು. ಅದರಲ್ಲಿ 982 ಗ್ರಾಂ ತೆಗೆದು, ಕುದಿಸಿದ ಬೋರ್‌ವೆಲ್ ನೀರು 1,470 ಗ್ರಾಂ ಹಾಕಿ ಕರಗಿಸಿದರು. ಉಳಿದರ್ಧ ಡಬ್ಬಿಯಲ್ಲಿ ಹಾಗೇ ಇತ್ತು. ಇದೇ ಮುಂದೆ ಕೈಹಿಡಿಯಿತು.

ಸುಗಂಧ ತೈಲಗಳನ್ನು ತೂಗಿರಲಿಲ್ಲ, ಅಳೆದಿದ್ದರು: ಮಜ್ಜಿಗೆ ಹುಲ್ಲು 40 ಮಿಲಿ, ನೀಲಗಿರಿ 20 ಮಿಲಿ, ಲವಂಗ 10 ಮಿಲಿ. ತೂಕಕ್ಕೆ ತಂದರೆ ಸುಮಾರು 64 ಗ್ರಾಂ, ಅಂದರೆ ಸೋಪಿನ ತೂಕದ ಶೇ 2.6. ಮೂರನ್ನೂ ಮೊದಲು ಬೆರೆಸಿದ್ದು ತೆಳು ಪ್ಲಾಸ್ಟಿಕ್ಕಿನ ಬಿಸಾಡುವ ಲೋಟದಲ್ಲಿ. ಲೋಟದ ತಳ ಮೆತ್ತಗಾಗಿ ಕಟ್ಟೆಗೆ ಅಂಟಿಕೊಂಡಿತ್ತು. ಪಾಲಿಸ್ಟೈರೀನ್ ಲೋಟವನ್ನು ನೀಲಗಿರಿ ಎಣ್ಣೆ ಕರಗಿಸುತ್ತದೆ. ಹಾಗೆ ಕರಗಿದ ಪ್ಲಾಸ್ಟಿಕ್ಕೂ ಸೋಪಿಗೇ ಹೋಗುತ್ತದೆ ಎಂಬುದನ್ನು ಮರೆಯಬಾರದು. ತೈಲ ಬೆರೆಸಲು ಗಾಜು ಅಥವಾ ಸ್ಟೀಲ್ ಮಾತ್ರ.

ಮೇಲಿನ ಪದರ ಯಾವ ಎಣ್ಣೆ?

ಇದನ್ನು ತಿಳಿಯಲು ಪ್ರಯೋಗಾಲಯ ಬೇಡ, ಒಂದು ಬಿಳಿ ಕಾಗದ ಸಾಕು. ಒಂದು ಕಡೆ ಕೊಬ್ಬರಿ ಎಣ್ಣೆಯ ಒಂದು ಹನಿ, ಪಕ್ಕದಲ್ಲಿ ಮಜ್ಜಿಗೆ ಹುಲ್ಲಿನ ಎಣ್ಣೆಯ ಒಂದು ಹನಿ, ಮೂರನೆಯದು ಬಾಟಲಿಯ ಮೇಲಿನ ಪದರದ್ದು. ನೆರಳಲ್ಲಿ ಒಂದು ದಿನ ಬಿಡಬೇಕು. ಸುಗಂಧ ತೈಲ ಆರಿ ಹೋಗುತ್ತದೆ, ಕಲೆ ಉಳಿದರೂ ಅಲ್ಪ. ಅಡುಗೆ ಎಣ್ಣೆ ಆರುವುದಿಲ್ಲ. ಬೋಂಡ ಕಟ್ಟಿದ ಕಾಗದದ ಹಾಗೆ ಬೆಳಕು ದಾಟುವ ಕಲೆ ನಿಲ್ಲುತ್ತದೆ. ಇಲ್ಲಿ ಮೂರನೆಯ ಹನಿ ಅರ್ಧ ಆರಿತು, ಅರ್ಧ ಉಳಿಯಿತು. ಮೇಲೆ ನಿಂತದ್ದು ಸುಗಂಧ ತೈಲವಷ್ಟೇ ಅಲ್ಲ, ಸೋಪಾಗದೇ ಉಳಿದ ಎಣ್ಣೆ, ಅಂದರೆ ಕೊಬ್ಬೂ ಇತ್ತು.

(ಕೊಂಡ ತೈಲಕ್ಕೂ ಇದೇ ಪರೀಕ್ಷೆ ನಡೆಯುತ್ತದೆ. ಅಗ್ಗದ 'ಶುದ್ಧ ತೈಲ'ದ ಹನಿ ಮರುದಿನವೂ ಜಿಡ್ಡಾಗಿಯೇ ಇದ್ದರೆ ಅದರಲ್ಲಿ ಬೇರೆ ಎಣ್ಣೆ ಬೆರೆತಿರಬಹುದು. ಲಾವಂಚ, ಗಂಧದಂಥ ಭಾರದ ತೈಲಗಳು ಮಾತ್ರ ನಿಧಾನ; ಅವುಗಳಿಗೆ ಒಂದು ದಿನ ಸಾಲದು.)

ಎರಡನೆಯದು ತಿಳಿತನದ ಪರೀಕ್ಷೆ. ಪರಿಮಳ ಬೆರೆಯದ ಪೇಸ್ಟ್ ಇಪ್ಪತ್ತು ಗ್ರಾಂ, ಬಿಸಿ ಡಿಸ್ಟಿಲ್ಡ್ ವಾಟರ್ ನಲವತ್ತು ಗ್ರಾಂ. ಕರಗಿಸಿ ಆರಲು ಬಿಟ್ಟಾಗ ದ್ರಾವಣ ತಿಳಿಯಾಗಿದ್ದರೆ ಸೋಪು ಪೂರ್ತಿ ಆಗಿದೆ. ಹಾಲಿನಂತಾದರೆ ಕೊಬ್ಬು ಉಳಿದಿದೆ. ಇಲ್ಲಿ ಹಾಲಿನಂತಾಯಿತು. ಇನ್ನೊಂದು ಗಾಜಿನಲ್ಲಿ ಅಷ್ಟೇ ಪೇಸ್ಟಿಗೆ ಮನೆಯ ಬೋರ್‌ವೆಲ್ ನೀರು ಹಾಕಿದಾಗ ಹಾಲಿನ ಬಣ್ಣದ ಜೊತೆಗೆ ಬಿಳಿ ಚೂರೂ ಕಂಡಿತು. ಒಂದು ಹನಿ ಸುಗಂಧ ತೈಲವಿಲ್ಲದೆಯೇ ಎರಡು ದೋಷ ಎದುರಿಗೆ ನಿಂತವು.

ಕೊಬ್ಬು ಉಳಿದದ್ದೇಕೆ

ಕ್ಷಾರದ ಪೊಟ್ಟಣದ ಮೇಲೆ ಉತ್ತರ ಅಚ್ಚಾಗಿತ್ತು: ಶುದ್ಧತೆ ಶೇ 85. ಲೆಕ್ಕ ಹಾಕಿದ್ದು ಶೇ 90 ಎಂದುಕೊಂಡು. ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಗಾಳಿಯ ತೇವ ಹೀರುವ ವಸ್ತು. ಅಂಗಡಿಯಲ್ಲಿ ಸಿಗುವ ಬಿಲ್ಲೆಗಳಲ್ಲಿ ನೂರಕ್ಕೆ ಹತ್ತು-ಹದಿನೈದು ಪಾಲು ನೀರೇ ಇರುತ್ತದೆ, ಬಾಯಿ ತೆರೆದಿಟ್ಟ ಪೊಟ್ಟಣದಲ್ಲಿ ಇನ್ನೂ ಹೆಚ್ಚು.

ಲೆಕ್ಕ ನೋಡೋಣ. ಒಂದು ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.257 ಗ್ರಾಂ ಶುದ್ಧ ಕ್ಷಾರ ಬೇಕು, ಸೂರ್ಯಕಾಂತಿಗೆ 0.190, ಹರಳೆಣ್ಣೆಗೆ 0.180. ಈ ಒಂದು ಕೆಜಿ ಮಿಶ್ರಣಕ್ಕೆ ಬೇಕಿದ್ದದ್ದು 228.7 ಗ್ರಾಂ. ಬಾರ್ ಸೋಪಿನ ವಾಡಿಕೆಯಂತೆ ಚರ್ಮಕ್ಕೆ ಮೃದುವಾಗಿರಲಿ ಎಂದು ಶೇ 5 ಕೊಬ್ಬು ಉಳಿಸಲು ಹೊರಟು, ಅದರ ಮೇಲೆ ಶುದ್ಧತೆಯ ತಪ್ಪೂ ಸೇರಿ, ನಿಜವಾಗಿ ಬಿದ್ದದ್ದು 205 ಗ್ರಾಂ. ಅಂದರೆ ನೂರಕ್ಕೆ ಹತ್ತು ಪಾಲು ಎಣ್ಣೆ ಎಣ್ಣೆಯಾಗಿಯೇ ಉಳಿಯಿತು. ಕರಗಿಸಿದ ಅರ್ಧದಲ್ಲೇ ಸುಮಾರು 51 ಗ್ರಾಂ.

ಬಾರ್ ಸೋಪಿನಲ್ಲಿ ಶೇ 5 ಉಳಿದರೆ ತೊಂದರೆಯಿಲ್ಲ, ಗಟ್ಟಿ ಸೋಪು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ದ್ರವದಲ್ಲಿ ಹಿಡಿಯುವ ಗೋಡೆಯಿಲ್ಲ. ಸೋಪಿನ ಅಣುಗಳು ಗುಂಪುಗೂಡಿ ತಮ್ಮ ನಡುವೆ ಒಂದಿಷ್ಟು ಎಣ್ಣೆಯನ್ನು ಮುಚ್ಚಿಟ್ಟುಕೊಳ್ಳಬಲ್ಲವು. ಕೈಯ ಜಿಡ್ಡು ಹೋಗುವುದೂ ಹೀಗೆಯೇ. ಆದರೆ ಆ ಜಾಗಕ್ಕೆ ಮಿತಿ ಇದೆ. ಇಲ್ಲಿ ಆ ಜಾಗವನ್ನು 51 ಗ್ರಾಂ ಕೊಬ್ಬು ಆಗಲೇ ಆಕ್ರಮಿಸಿತ್ತು, ಮೇಲೆ 64 ಗ್ರಾಂ ಸುಗಂಧ ತೈಲ ಬಂತು. ತುಂಬಿದ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವರ ಗತಿ. ದ್ರವ ಸೋಪಿಗೆ ಉಳಿಕೆ ಕೊಬ್ಬು ಶೇ 2–3 ದಾಟದಿರುವುದು ಲೇಸು. ಪರಿಮಳ ಹಾಕುವುದಿದ್ದರೆ 2 ಸಾಕು.

ನೀರು

ಮಂಡ್ಯದ ಸುತ್ತಮುತ್ತ ಹಲವು ಬೋರ್‌ವೆಲ್‌ಗಳ ನೀರು ಗಡಸು. ಕುದಿಸಿದರೆ ಬೈಕಾರ್ಬೊನೇಟ್ ರೂಪದ ಗಡಸುತನ ಪಾತ್ರೆಗೆ ಬಿಳಿ ಕಟ್ಟಾಗಿ ಇಳಿಯುತ್ತದೆ, ಸಲ್ಫೇಟ್, ಕ್ಲೋರೈಡ್ ರೂಪದ್ದು ಹೋಗುವುದಿಲ್ಲ. ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಗಡಸುತನ ಇದೆ ಎಂದುಕೊಂಡರೆ, ಪ್ರತಿ ಲೀಟರೂ ಎರಡು-ಮೂರು ಗ್ರಾಂ ಕರಗದ ಕ್ಯಾಲ್ಸಿಯಂ ಸೋಪು ಮಾಡುತ್ತದೆ. ಆ ಬಿಳಿ ಚೂರು ಇದೇ. ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಜಿಗುಟೂ ಇದೇ. ಕರಗಿಸಲು ಡಿಸ್ಟಿಲ್ಡ್ ವಾಟರ್ ಬಳಸಬೇಕು. ಬ್ಯಾಟರಿಗೆಂದು ಮಾರುವ ನೀರಾದರೆ ಅದು ಬರೀ ನೀರು, ಆಸಿಡ್ ಅಲ್ಲ ಎಂದು ಲೇಬಲ್ ಓದಿ ಖಾತ್ರಿ ಮಾಡಿಕೊಳ್ಳಿ.

ತೈಲದ ತಪ್ಪುಗಳು

ಈಗ ಸುಗಂಧಕ್ಕೆ ಬರೋಣ. ಪ್ರಮಾಣ ಹೆಚ್ಚಾಯಿತೆಂಬುದು ಒಂದು. ಹಾಕಿದ ಹೊತ್ತು ಇನ್ನೊಂದು: ದ್ರಾವಣ 85 ಡಿಗ್ರಿ ಸುಮಾರಿನಲ್ಲಿತ್ತು. ಮಜ್ಜಿಗೆ ಹುಲ್ಲಿನಿಂದ, ನೀಲಗಿರಿ ಎಲೆಯಿಂದ ತೈಲ ಇಳಿಸುವುದೇ ಹಬೆಯಿಂದ. ಹಬೆಯಾಡುವ ಪಾತ್ರೆಗೆ ಅದನ್ನು ಸುರಿದರೆ ಅದೇ ಹಬೆ ಅದನ್ನು ಹೊತ್ತು ಅಡುಗೆಮನೆಗೆ ಹಂಚುತ್ತದೆ. ಮೊದಲ ದಿನ ಮನೆಯೆಲ್ಲ ಘಮಘಮಿಸಿದ್ದು ಬಾಟಲಿಯಲ್ಲಿ ಇರಬೇಕಾದ ಪರಿಮಳ. ಅಪಾಯವೂ ಇದೆ: ನೀಲಗಿರಿ ಎಣ್ಣೆಯ ಆವಿ 50 ಡಿಗ್ರಿ ಆಸುಪಾಸಿನಲ್ಲೇ ಬೆಂಕಿ ಹಿಡಿಯಬಲ್ಲದು. ಉರಿಯುವ ಸ್ಟೌ ಪಕ್ಕದಲ್ಲಿ ಅದರ ಬಾಟಲಿ ತೆರೆಯಬಾರದು. ಸೋಪು 40 ಡಿಗ್ರಿಗಿಂತ ಕೆಳಗಿಳಿದು, ಪಾತ್ರೆಯನ್ನು ಬರಿಗೈಯಲ್ಲಿ ಆರಾಮಾಗಿ ಮುಟ್ಟುವಂತಾದ ಮೇಲೆ ತೈಲ ಹಾಕಬೇಕು.

ಮೂರನೆಯದು ಆಯ್ಕೆ. ನಿಜವಾದ ಸೋಪು ಕ್ಷಾರೀಯ, ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ಎಂದರೆ ಎರಡೂ ಅಲ್ಲ) 9ರಿಂದ 10.5. ಎಲ್ಲ ತೈಲವೂ ಇದನ್ನು ಒಂದೇ ರೀತಿ ತಡೆದುಕೊಳ್ಳುವುದಿಲ್ಲ. ಮಜ್ಜಿಗೆ ಹುಲ್ಲಿನ ಮುಕ್ಕಾಲು ಪಾಲು ಸಿಟ್ರಾಲ್. ಅದು ಆಲ್ಡಿಹೈಡ್, ಕ್ಷಾರದಲ್ಲಿ ನಿಧಾನವಾಗಿ ಒಡೆದು ಪರಿಮಳ ಮಂಕಾಗಿ ಬಣ್ಣ ಹಳದಿಗೆ ತಿರುಗುತ್ತದೆ. ಲವಂಗದ ಯೂಜಿನಾಲ್ ಫೀನಾಲ್ ಜಾತಿಯದು. ಕ್ಷಾರದ ಜೊತೆ ಸೇರಿ ಗಾಳಿಗೆ ಕಂದಾಗುತ್ತದೆ. ಚಹಾದ ಬಣ್ಣ ಬಂದದ್ದು ಅದರಿಂದ. ಲ್ಯಾವೆಂಡರಿನ ಲಿನಾಲಿಲ್ ಅಸಿಟೇಟ್ ಎಸ್ಟರ್. ಕ್ಷಾರ ಹೆಚ್ಚು ಉಳಿದ ಸೋಪಿನಲ್ಲಿ ಅದೂ ಒಡೆಯುತ್ತದೆ. ಆಲ್ಕೊಹಾಲ್ ಜಾತಿಯವು ಗಟ್ಟಿಗರು: ಪಾಮರೋಸಾ ಎಂಬ ಪರಿಮಳದ ಹುಲ್ಲಿನ ಜೆರಾನಿಯಾಲ್, ಗಂಧದ ಸ್ಯಾಂಟಲಾಲ್. ನೀಲಗಿರಿಯ ಸಿನಿಯೋಲ್ ಕ್ಷಾರಕ್ಕೆ ಅಲುಗುವುದಿಲ್ಲ, ಆದರೆ ಹಾರಿಹೋಗುವುದು ಬೇಗ.

ಮೈಸೂರು ಸೀಮೆಯಲ್ಲಿ ಈ ಮಾತು ಬಂದಾಗಲೆಲ್ಲ ಗಂಧ, ಮಲ್ಲಿಗೆಯ ಪ್ರಶ್ನೆ ಏಳುತ್ತದೆ. ಗಂಧದೆಣ್ಣೆ ಸೋಪಿನಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಿಂದ ಈ ನಾಡು ಅದನ್ನು ಬಾರ್ ಸೋಪಿನಲ್ಲಿ ನೋಡಿದೆ. ಆದರೆ ಕೈ ತೊಳೆದು ಮೋರಿಗೆ ಬಿಡುವ ದ್ರವಕ್ಕೆ ಅಷ್ಟು ಬೆಲೆಯ ಎಣ್ಣೆ ಹಾಕುವುದು ನಮಗೆ ಸರಿ ಕಾಣದು. ಮಲ್ಲಿಗೆಯ ನವಿರು ಹಬೆಯ ಬಿಸಿ ತಡೆಯುವುದಿಲ್ಲ. ದ್ರಾವಕದಿಂದ ತೆಗೆಯುವ ಅದರ ಸಾರವೂ ಬಲು ದುಬಾರಿ. ಸಣ್ಣ ಸೀಸೆಯಲ್ಲಿ ಅಗ್ಗಕ್ಕೆ ಸಿಗುವ 'ಮಲ್ಲಿಗೆ ಎಣ್ಣೆ' ಕೃತಕ ಸುಗಂಧ. ಬಳಸಬಾರದೆಂದಲ್ಲ, ಸೋಪಿಗೆ ಹಾಕಬಹುದಾದದ್ದೇ ಎಂದು ಮಾರುವವರನ್ನು ಕೇಳಿ ಬಳಸಿ.

ಮಗುವಿನ ಕೈ ಕೆಂಪಾದ ವಿಷಯ. ಈ ಸೋಪಿನಲ್ಲಿ ಸಿಟ್ರಾಲ್ ಒಂದೇ ಶೇ 1ರ ಹತ್ತಿರ ಇತ್ತು, ಮೇಲೆ ಯೂಜಿನಾಲ್. ಎರಡೂ ಚರ್ಮಕ್ಕೆ ಅಲರ್ಜಿ ತರಬಲ್ಲವೆಂದು ಗುರುತಾದವು. ಯುರೋಪಿನಲ್ಲಿ ತೊಳೆದುಬಿಡುವ ಸೋಪಿನಲ್ಲೂ ಶೇ 0.01 ದಾಟಿದರೆ ಲೇಬಲ್ಲಿನಲ್ಲಿ ಹೆಸರು ಹಾಕಬೇಕು. ಆ ಸೋಪನ್ನು ಕೂಡಲೇ ನಿಲ್ಲಿಸಿದ್ದು ಸರಿಯಾಯಿತು. ಕೈಗೂಸು ಇರುವ ಮನೆಯಲ್ಲಿ ನೀಲಗಿರಿಯನ್ನೂ ಬಿಡುವುದೇ ಒಳ್ಳೆಯದು.

ಸರಿಮಾಡಲು ಹೋಗಿ ಕೆಟ್ಟದ್ದು

ಮೂರು ಬಾಟಲಿ ಮನೆಮದ್ದಿಗೆ ಬಲಿಯಾದವು. "ಒಂದ್ ನಿಂಬೆಣ್ ಹಿಂಡ್ಬುಡವ್ವ, ಸರಿಯಾಯ್ತದೆ" ಎಂಬ ಸಲಹೆಯಂತೆ ಒಂದಕ್ಕೆ ನಿಂಬೆರಸ ಬಿತ್ತು. ಆಮ್ಲ ಬಿದ್ದರೆ ಸೋಪು ಮರಳಿ ಕೊಬ್ಬಿನಾಮ್ಲವಾಗಿ ಒಡೆಯುತ್ತದೆ. ಬಾಟಲಿ ಪೂರ್ತಿ ಮೊಸರಾಯಿತು. ಸೋಪಿನ ಪಿಎಚ್ ಅನ್ನು 7ಕ್ಕೆ ಇಳಿಸಿದರೆ ಅದು ಸೋಪಾಗಿ ಉಳಿಯುವುದೇ ಇಲ್ಲ. ಇನ್ನೊಂದಕ್ಕೆ ಮಂದವಾಗಲೆಂದು ಉಪ್ಪುನೀರು. ಉಪ್ಪಿಗೆ ಮಂದವಾಗುವುದು ಒಲಿಯಿಕ್ ಆಮ್ಲ ಹೆಚ್ಚಿರುವ, ಆಲಿವ್ ಎಣ್ಣೆಯಂಥವುಗಳ ಸೋಪು. ಕೊಬ್ಬರಿ ಹೆಚ್ಚಿದ್ದರೆ ಉಪ್ಪು ಹಾಕಿದಷ್ಟೂ ವ್ಯರ್ಥ, ಕೊನೆಗೆ ಸೋಪೇ ಬೇರೆಯಾಗುತ್ತದೆ. ಮೂರನೆಯದಕ್ಕೆ ಗ್ಲಿಸರಿನ್. ಸುಗಂಧ ತೈಲ ಗ್ಲಿಸರಿನ್ನಿನಲ್ಲಿ ಕರಗುವುದಿಲ್ಲ, ಹಾಗಾಗಿ ಏನೂ ಬದಲಾಗಲಿಲ್ಲ. ತೈಲವನ್ನು ಮೊದಲು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹಾಕಿ ಎನ್ನುವವರೂ ಇದ್ದಾರೆ. ಅದು ಮೈಗೆ ಹಚ್ಚುವ ಎಣ್ಣೆಯ ಪದ್ಧತಿ; ಇಲ್ಲಿ ಮಾಡಿದರೆ ಉಳಿಕೆ ಕೊಬ್ಬು ಇನ್ನಷ್ಟು ಏರುತ್ತದೆ.

ಉಳಿದರ್ಧ ಪೇಸ್ಟಿನ ದುರಸ್ತಿ

ಪರೀಕ್ಷೆಗೆ ತೆಗೆದದ್ದು ಕಳೆದು 940 ಗ್ರಾಂ ಪೇಸ್ಟ್ ಇತ್ತು. ಉಳಿಕೆ ಕೊಬ್ಬನ್ನು ಶೇ 10ರಿಂದ 2ಕ್ಕೆ ಇಳಿಸಲು ಬೇಕಾದ ಶುದ್ಧ ಕ್ಷಾರ 9 ಗ್ರಾಂ. ಶೇ 85ರ ಪುಡಿಯಲ್ಲಿ 10.6 ಗ್ರಾಂ. ಕನ್ನಡಕ, ಕೈಗವಸು ಹಾಕಿಕೊಂಡು, ಸ್ಟೀಲ್ ಪಾತ್ರೆಯಲ್ಲಿ 35 ಗ್ರಾಂ ಡಿಸ್ಟಿಲ್ಡ್ ವಾಟರಿಗೆ ಕ್ಷಾರವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿದರು. ಕ್ಷಾರದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯೂ ಕೂಡದು. ಕ್ಷಾರ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ.

ಪೇಸ್ಟನ್ನು ನೀರಿನ ಪಾತ್ರೆಯೊಳಗಿಟ್ಟು 75–80 ಡಿಗ್ರಿಗೆ ತಂದು, ಕ್ಷಾರದ ನೀರು ಬೆರೆಸಿ, ಮುಚ್ಚಿ ಒಂದೂವರೆ ಗಂಟೆ ಬಿಟ್ಟರು. ಕಾಲು ಗಂಟೆಗೊಮ್ಮೆ ತಿರುವಿದರು. ಮತ್ತೆ ತಿಳಿತನದ ಪರೀಕ್ಷೆ: ಆರಿದ ಮೇಲೂ ಗಾಜಿನ ಹಿಂದಿಟ್ಟ ದಿನಪತ್ರಿಕೆಯ ಅಕ್ಷರ ಓದಬಹುದಾಗಿತ್ತು. ಪಿಎಚ್ ಕಾಗದ 10ರ ಹತ್ತಿರ ತೋರಿಸಿತು. 1,400 ಗ್ರಾಂ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿದಾಗ ಕೈಗೆ ಬಂದದ್ದು ಸುಮಾರು 2,350 ಗ್ರಾಂ ಸೋಪು. ಕೈ ತೊಳೆಯುವುದು ಹೇಗಿದ್ದರೂ ಗಡಸು ನೀರಲ್ಲೇ ಆದ್ದರಿಂದ ಗಡಸುತನವನ್ನು ಹಿಡಿದಿಡುವ ಟೆಟ್ರಾಸೋಡಿಯಂ ಇಡಿಟಿಎ ಶೇ 0.2, ಅಂದರೆ 4.7 ಗ್ರಾಂ ಸೇರಿಸಿದರು. ರಾತ್ರಿಯಿಡೀ ಮುಚ್ಚಿಟ್ಟದ್ದಾಯಿತು. ಪರಿಮಳ ಇನ್ನೂ ಇಲ್ಲ.

ನೂರು ಗ್ರಾಮಿನ ಸೀಸೆಗಳು

ಒಂದೊಂದು ಸೋಪಿನ ಹಿಡಿತ ಒಂದೊಂದು ರೀತಿ. ಯಾವ ಎಣ್ಣೆ, ಎಷ್ಟು ನೀರು ಎಂಬುದರ ಮೇಲೆ ಅದು ನಿಂತಿದೆ. ಹಾಗಾಗಿ ಯಾರದೋ ಪ್ರಮಾಣ ನೆಚ್ಚುವ ಬದಲು ಐದು ಗಾಜಿನ ಸೀಸೆಗೆ ನೂರು ನೂರು ಗ್ರಾಂ ಸೋಪು ಹಾಕಿ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯಲ್ಲಿ ತೂಗಿ 0.3, 0.5, 0.8, 1.0, 1.5 ಗ್ರಾಂ ತೈಲ ಬೆರೆಸಿದ್ದಾಯಿತು. ಹನಿ ಎಣಿಸುವುದು ಬೇಡ. ಡ್ರಾಪರ್ ಮೇಲೆ ಹೋಗಿ ಒಂದು ಮಿಲಿಗೆ ಇಪ್ಪತ್ತು ಹನಿಯೂ ಆದೀತು, ನಲವತ್ತೂ ಆದೀತು.

ತೈಲದ ಮಿಶ್ರಣ ಬದಲಾಯಿತು: ಪಾಮರೋಸಾ 8 ಪಾಲು, ಮಜ್ಜಿಗೆ ಹುಲ್ಲು 4.5, ನೀಲಗಿರಿ 3, ಲಾವಂಚ 1. ಲವಂಗ ಹೊರಗೆ. ಲಾವಂಚ ಭಾರದ ತೈಲ. ತಾನೂ ನಿಲ್ಲುತ್ತದೆ, ಹಾರುವವನ್ನೂ ಒಂದಿಷ್ಟು ತಡೆಯುತ್ತದೆ. ಹೆಚ್ಚಾದರೆ ಮಾತ್ರ ಮಣ್ಣಿನ ವಾಸನೆಯೇ ಮುಂದಾಗುತ್ತದೆ.

ಸೀಸೆಗಳನ್ನು ಕುಲುಕಲಿಲ್ಲ, ಕಡ್ಡಿಯಲ್ಲಿ ತಿರುವಿದರು; ನೊರೆ ಎದ್ದರೆ ಏನೂ ಕಾಣದು. ಹಾಕಿದ ಕೂಡಲೇ ಎಲ್ಲವೂ ಮಬ್ಬಾದವು. ಇದು ಸಹಜ, ತೈಲ ಒಳಸೇರಲು ಹೊತ್ತು ಬೇಕು. ಮರುದಿನ 0.3, 0.5, 0.8 ತಿಳಿಯಾದವು. 1.0ರದು ಮಧ್ಯಾಹ್ನ ತಿಳಿ, ಬೆಳಗಿನ ಚಳಿಯಲ್ಲಿ ಮಬ್ಬು. ಮಿತಿಯ ಅಂಚಿನಲ್ಲಿದೆ ಎಂದರ್ಥ. 1.5ರ ಕುತ್ತಿಗೆಯಲ್ಲಿ ಮೂರನೆಯ ದಿನ ಎಣ್ಣೆಯ ಉಂಗುರ ಕಟ್ಟಿತು, ದ್ರವವೂ ತೆಳುವಾಯಿತು. ವಾರ ಕಳೆದರೂ 0.8 ಅಲುಗಲಿಲ್ಲ, ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಟ್ಟು ತೆಗೆದಾಗ ಮಬ್ಬಾಗಿ, ಕೋಣೆಯ ಬಿಸಿಗೆ ಮತ್ತೆ ತಿಳಿಯಾಯಿತು. ಅದಕ್ಕೊಂದು ಮೆಟ್ಟಿಲು ಕೆಳಗೆ, ಶೇ 0.7 ಎಂದು ತೀರ್ಮಾನವಾಯಿತು.

ಆರನೆಯ ಸೀಸೆಯೊಂದರಲ್ಲಿ 1.5 ಗ್ರಾಂ ತೈಲವನ್ನು ಮೊದಲು ಎಣ್ಣೆಯನ್ನು ನೀರಿಗೆ ಸೇರಿಸುವ ಪಾಲಿಸಾರ್ಬೇಟ್ 20 ಎಂಬ ದ್ರವದ 3 ಗ್ರಾಮಿನಲ್ಲಿ ಬೆರೆಸಿ ಹಾಕಿ ನೋಡಿದರು. ತಿಳಿಯಾಗಿಯೇ ನಿಂತಿತು. ಆದರೆ ಸೋಪು ಇನ್ನೂ ತೆಳುವಾಯಿತು, ನೊರೆ ಕಡಿಮೆ, ತೊಳೆದ ಮೇಲೆ ಕೈ ಅಂಟಂಟು. ಶೇ 0.7ರಲ್ಲಿ ಸಾಕಷ್ಟು ಪರಿಮಳ ಇರುವಾಗ ಈ ದಾರಿ ಯಾಕೆ? ಜವಳಿ ಬಣ್ಣದವರು ಬಳಸುವ ಟರ್ಕಿ ರೆಡ್ ಆಯಿಲ್, ಅಂದರೆ ಸಲ್ಫೇಟ್ ಮಾಡಿದ ಹರಳೆಣ್ಣೆಯೂ ಇದೇ ಕೆಲಸ ಮಾಡುತ್ತದೆ. ಅದಕ್ಕೆ ತನ್ನದೇ ವಾಸನೆ ಇದೆ.

ಸೋಪು ತೆಳುವಾಗಿಯೇ ಇತ್ತು. ಕೊಬ್ಬರಿಯ ಸೋಪಿನ ಗುಣವೇ ಅದು. ನೊರೆ ಬರಿಸುವ ಪಂಪ್ ಇರುವ ಬಾಟಲಿಗೆ ಹಾಕಿದ ಮೇಲೆ ಆ ದೂರು ಮುಗಿಯಿತು. ಸುಗಂಧ ತೈಲ ಹಾಕಿದ್ದರಿಂದ ಸೋಪು ಕೆಡುವುದಿಲ್ಲ ಎಂಬ ನಂಬಿಕೆ ಬೇಡ. ಈ ಪ್ರಮಾಣದಲ್ಲಿ ಅದು ಸಂರಕ್ಷಕವಲ್ಲ. ಪಿಎಚ್ ಒಂದಿಷ್ಟು ಕಾಪಾಡುತ್ತದೆ, ಆದರೂ ನೀರು ಇಷ್ಟಿರುವ ಸೋಪನ್ನು ಎರಡು-ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಮಾರುವ ಯೋಚನೆ ಇದ್ದರೆ ಲೆಕ್ಕವೇ ಬೇರೆ: ಮೈಗೆ ಬಳಸುವ ಸೋಪನ್ನು ಮಾರಾಟಕ್ಕೆ ತಯಾರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಪರವಾನಗಿ ಬೇಕು.

ಒಡೆದ ಸೋಪಿನ ಮೇಲಿನ ಪದರವನ್ನು ಸೌಟಿನಲ್ಲಿ ತೆಗೆದು, ಮೊಸರಾಗದೆ ಉಳಿದದ್ದನ್ನು ಕಾಲೊರೆಸು, ಟ್ರ್ಯಾಕ್ಟರಿನ ಜಿಡ್ಡು ಬಟ್ಟೆ ತೊಳೆಯಲು ಬಳಸಿದರು. ಗ್ರಾನೈಟ್ ನೆಲ ಒರೆಸಲು ಅದು ಬೇಡ. ಕೊಬ್ಬು ಉಳಿದ ಸೋಪು, ಜಾರುತ್ತದೆ.

ಆರು ವಾರದ ಬಳಿಕ ನೋಡಿದಾಗ ಎರಡನೆಯ ಸೋಪಿನಲ್ಲಿ ಪದರವಿಲ್ಲ, ಚೂರಿಲ್ಲ. ಕಪಾಟಿನೊಳಗಿನ ಬಾಟಲಿಯಲ್ಲಿ ಪಾಮರೋಸಾ, ಲಾವಂಚ ಚೆನ್ನಾಗಿ ಉಳಿದಿದ್ದವು, ಮಜ್ಜಿಗೆ ಹುಲ್ಲು ಮಂಕಾಗಿತ್ತು. ಕಿಟಕಿ ಬಳಿಯ ಪಾರದರ್ಶಕ ಬಾಟಲಿಯಲ್ಲಿ ಅದು ಹೆಚ್ಚುಕಮ್ಮಿ ಇರಲೇ ಇಲ್ಲ. ಈಗ ಆ ಮನೆಯಲ್ಲಿ ಸೋಪನ್ನು ಪರಿಮಳವಿಲ್ಲದೆ ಕ್ಯಾನಿನಲ್ಲಿ ಇಡುತ್ತಾರೆ. ಬಾಟಲಿ ಖಾಲಿಯಾದಾಗ 250 ಗ್ರಾಂ ತೆಗೆದು 1.75 ಗ್ರಾಂ ತೈಲ ಬೆರೆಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಬಚ್ಚಲಿಗೆ ತರುತ್ತಾರೆ.